ನಾಲ್ಕು ತಾಸು

ದುರ್ಗದಿಂದ ದಾವಣಗೆರೆಗೆ ಅರವತ್ತೆರಡು ಕಿಲೋಮೀಟರು,
ಸರ್ವಮಂಗಳಮ್ಮನವರ ಬಾಗಿಲಿಂದ ಡಯಾಲಿಸಿಸ್ ಬಾಗಿಲಿಗೆ.
ಹೋಗಿ ಬರಲು ನೂರ ಇಪ್ಪತ್ತನಾಲ್ಕು.
ವಾರಕ್ಕೆ ಮೂರು ಸಲ, ಬೆಳಗಿನ ಐದಕ್ಕೆ
ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಕೂರುತ್ತಾರೆ.
ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ
ಊರ ಮಾತನ್ನೆಲ್ಲ ಊರೂರಿಗೆ ಜೋಡಿಸಿದವರು
ಈಗ ತಾವೇ ಒಂದು ನಳಿಕೆಗೆ.

ಕರೆಂಟಿನ ಕಾರಿನ ಮಾತು ತೆಗೆದದ್ದೂ ಅವರೇ,
ಭರಮಸಾಗರ ದಾಟುವಾಗ, ಚಾಳೀಸು ಏರಿಸಿ:
"ಬೋರೇಶ, ಇದು ಲೀಟರಿಗೆ ಎಷ್ಟು ಕೊಡುತ್ತೆ?"
"ಹದಿನೆಂಟು, ಅಮ್ಮ. ಅದರ ಮನಸ್ಸು ನೆಟ್ಟಗಿದ್ದರೆ."
ಔಷಧಿ ಚೀಟಿಯ ಬೆನ್ನಿಗೆ ಪೆನ್ನು ಓಡಿತು.
ಡೀಸೆಲ್ಲು ಏಳು ಲೀಟರು, ಆರುನೂರ ಮೂವತ್ತು.
ಕರೆಂಟಾದರೆ ಹದಿನೆಂಟು ಯೂನಿಟ್ಟು,
ಮನೆಯಲ್ಲೇ ತುಂಬಿಸಿದರೆ ನೂರೈವತ್ತೂ ಆಗದು.
"ಟ್ರಿಪ್ಪಿಗೆ ಐನೂರು ರೂಪಾಯಿ ಹೊಗೆ ಬಿಡ್ತಿದೀಯ ಕಣೋ."

ಹೊಗೆಯ ಲೆಕ್ಕ ಸುಲಭ.
ಮನೆಯಲ್ಲೇ ಅನ್ನುವುದು ಕಷ್ಟ.
ಕಾಮನಬಾವಿ ಬಡಾವಣೆಯ ವಠಾರ; ಮೀಟರಿರುವುದು ಮೆಟ್ಟಿಲ ಕೆಳಗೆ,
ಗಾಡಿ ನಿಲ್ಲುವುದು ಗಲ್ಲಿಯ ಬಾಯಲ್ಲಿ,
ನಡುವೆ ನಲವತ್ತು ಹೆಜ್ಜೆ, ಎರಡು ಬಚ್ಚಲ ನೀರು,
ಬಟ್ಟೆ ಹಗ್ಗ, ಒಂದು ಕೋಳಿಗೂಡು.
ವೈರು ಎಳೀತೀನಿ ಅಂದದ್ದಕ್ಕೆ ಮಾಲೀಕ ಪಂಚಾಕ್ಷರಯ್ಯ
ಆನೆ ಕಟ್ಟುತ್ತೇನೆ ಅಂದ ಹಾಗೆ ನೋಡಿದರು:
"ಮಿಕ್ಸಿ ತಿರುಗಿಸಿದರೇ ಫ್ಯೂಸು ಹೋಗ್ತದಲ್ಲಯ್ಯ."

ಸಂಘದ ಪುಸ್ತಕ ಬರೆಯುವವಳು ನನ್ನ ಪಾಲಮ್ಮ,
ಕೇಳಿದ್ದು ಒಂದೇ: "ಕಂತೆಷ್ಟು?"
ಇಪ್ಪತ್ತು ಸಾವಿರ. ಏಳು ವರ್ಷ.
ಉಳಿಯುವುದು ತಿಂಗಳಿಗೆ ಆರು.
"ಮಿಕ್ಕ ಹದಿನಾಲ್ಕು ಗಾಳಿ ಕೊಡುತ್ತಾ?" ಅಂದು
ದೋಸೆ ಮಗುಚಿದಳು.
ಗಾಳಿಯೇನೋ ಇದೆ. ಗುಡ್ಡದ ಸಾಲಿನ ಮೇಲೆಲ್ಲ
ಬಿಳಿ ಫ್ಯಾನುಗಳು ರಾತ್ರಿಯೂ ಕೈ ಬೀಸುತ್ತವೆ.
ಆ ಕರೆಂಟು ಯಾವ ಯಾವ ಊರು ಸುತ್ತುತ್ತದೋ,
ನಮ್ಮ ಗಲ್ಲಿಯಲ್ಲಿ ಮಾತ್ರ ಮಧ್ಯಾಹ್ನ ಎರಡಕ್ಕೆ ತಪ್ಪದೆ ಹೋಗುತ್ತದೆ.

ಆದರೆ ಆ ನಾಲ್ಕು ತಾಸು.
ಅವರು ಒಳಗೆ ಮಲಗುವ,
ನಾನು ಹೊರಗೆ ಒಗ್ಗರಣೆ ಮಂಡಕ್ಕಿ ತಿಂದು
ಸೀಟು ಬಾಗಿಸಿ ನೊಣ ಓಡಿಸುವ ನಾಲ್ಕು ತಾಸು
ಗಾಡಿಯನ್ನು ಎದುರಿನ ಚಾರ್ಜಿಂಗ್ ಪಾಯಿಂಟಿಗೆ ಸಿಕ್ಕಿಸಿದರೆ?
ಅಲ್ಲಿ ಯೂನಿಟ್ಟಿಗೆ ಇಪ್ಪತ್ತು. ಇರಲಿ.
ಒಳಗೆ ಒಬ್ಬರು, ಹೊರಗೆ ಒಂದು,
ಒಟ್ಟಿಗೆ ಸಿಕ್ಕಿಸಿಕೊಂಡು, ಒಟ್ಟಿಗೆ ಕಳಚಿಕೊಂಡು ಊರಿಗೆ.
ಹೊಳೆದ ಖುಷಿಗೆ ಇನ್ನೊಂದು ಮೆಣಸಿನಕಾಯಿ ಹೇಳಿದೆ.
ಅರ್ಧ ಕಚ್ಚಿದ್ದೆ. ತಿಳಿಯಿತು
ಈ ಲೆಕ್ಕವೆಲ್ಲ ಯಾವ ಅಂಕಿಯ ಮೇಲೆ ನಿಂತಿದೆ ಅಂತ.

ವಾರಕ್ಕೆ ಮೂರು, ಸರಿ.
ಎಷ್ಟು ವಾರ?

ಬ್ಯಾಂಕಿನವನು ಕೇಳಿದ್ದ: "ಖಾಯಂ ಬಾಡಿಗೆ ಇದೆಯಾ?"
"ಇದೆ ಸಾರ್" ಅಂದಿದ್ದೆ,
ಅವರ ಹೆಸರು ಬರೆಸಲು ಹೋಗಿ ಸಹಿ ಅಲ್ಲಾಡಿತ್ತು.

ವಾಪಸು ಬರುವಾಗ, ಹೆಬ್ಬಾಳು ಟೋಲಿನ ಸಾಲಿನಲ್ಲಿ,
ಅವರೇ ಚೀಟಿ ಮುಂದಕ್ಕೆ ಚಾಚಿದರು.
"ಬ್ಯಾಟರಿಗೆ ಎಂಟು ವರ್ಷ ಗ್ಯಾರಂಟಿ ಅಂತೆ. ನಿನ್ನ ಸಾಲ ಏಳು.
ನನ್ನ ಹೆಸರಿನ ಮುಂದೆ ಎರಡು ಹಾಕಿದೀನಿ.
ಜಾಸ್ತಿ ಬಂದರೆ ಅದು ನಿನ್ನ ಲಾಭ.
ನನ್ನೊಬ್ಬಳನ್ನ ನಂಬಿ ಸಹಿ ಹಾಕಬೇಡ,
ಇನ್ನಿಬ್ಬರು ಪೇಷೆಂಟ್ ಹುಡುಕ್ಕೋ, ಆಮೇಲೆ ಹೋಗು ಬ್ಯಾಂಕಿಗೆ."
ಹಳೇ ಟ್ರಂಕ್ ಕಾಲಿನ ನಡುವೆ ಬಂದು
ಮೂರು ನಿಮಿಷ ಆಯಿತು ಅನ್ನುತ್ತಿದ್ದ ದನಿ.
ಹಿಂದಿನ ಲಾರಿ ಹಾರನ್ನು ಹೊಡೆಯಿತು.
ನಾನು ಗೇರು ತಪ್ಪಿಸಿ, ಮತ್ತೆ ಹಾಕಿದೆ.

ದುರ್ಗದ ಗುಡ್ಡ ಕಂಡಾಗ ಬಿಸಿಲು ಏರಿತ್ತು.
ಫ್ಯಾನುಗಳಲ್ಲಿ ಒಂದು ನಿಂತಿತ್ತು,
ರಿಪೇರಿಗೋ ಏನೋ, ಮೇಲೊಬ್ಬ ಮನುಷ್ಯ ಇರುವೆಯಷ್ಟು.
ಇಳಿಯುವಾಗ ತೋಳಿನ ಪಟ್ಟಿ ಒತ್ತಿ ಹಿಡಿದು ಕೇಳಿದರು:
"ಆ ಗಾಡೀಲಿ ಹಿಂದಿನ ಸೀಟು ಒರಗುತ್ತಾ?"
"ಶೋರೂಮಿನಲ್ಲಿ ವಿಚಾರಿಸಿಲ್ಲ, ಅಮ್ಮ."
"ವಿಚಾರಿಸು," ಅಂದರು. "ನಾಡಿದ್ದು ಐದಕ್ಕೆ."