ಮುಂದಿನ ಎಡಗಾಲಿ

ಜಾಕ್ ಏರಿಸಿ, ಗಾಲಿ ಬಿಚ್ಚಿ, ಗೋಡೆಗೆ ಒರಗಿಸಿಟ್ಟೆ.
ಏಪ್ರಿಲ್ ತಿಂಗಳ ಬಳ್ಳಾರಿ, ಹನ್ನೊಂದು ಗಂಟೆ,
ಪಾನಾ ಹಿಡಿದರೆ ಅಂಗೈ ಚುರ್ರೆನ್ನುವ ಹೊತ್ತು.
ಸಿರುಗುಪ್ಪ ರಸ್ತೆಯ ನಮ್ಮ ಶೆಡ್ಡಿನ ತಗಡು
ತನ್ನಷ್ಟಕ್ಕೆ ಟಕ್ ಟಕ್ ಎಂದು ಹಿಗ್ಗುತ್ತಿತ್ತು.

ಕ್ಯಾಲಿಪರ್ ಬಿಚ್ಚಿದೆ. ಅದನ್ನು ಜೋತುಬಿಡಬಾರದು,
ಎಣ್ಣೆ ಪೈಪಿನ ಕುತ್ತಿಗೆಗೆ ಭಾರ ಬೀಳಬಾರದು;
ತಂತಿ ಸುತ್ತಿ ಸ್ಪ್ರಿಂಗಿಗೆ ಕಟ್ಟಿದೆ,
ಗಾದಿಲಿಂಗಪ್ಪ ಮೇಸ್ತ್ರಿ ಕಲಿಸಿದ ಹಾಗೆ,
ಎಳೆಗೂಸನ್ನೆತ್ತುವಾಗ ತಲೆಗೆ ಕೈ ಕೊಡುವ ಹಾಗೆ.
ಉಳಿದದ್ದು ಡಿಸ್ಕ್ ಒಂದೇ.
ಎಳೆದರೆ ಬರಬೇಕು, ಗೂಡಿನಿಂದ ತಾಟು ಬಂದಂತೆ.
ಬರಲಿಲ್ಲ.

ಸಂಡೂರಿನ ಕಡೆ ಓಡಾಡಿದ ಗಾಡಿ.
ಆ ರಸ್ತೆಯ ಕೆಂಪು ಧೂಳು
ಹಬ್ಬಿಗೂ ಡಿಸ್ಕಿಗೂ ನಡುವಿನ ಕೂದಲೆಳೆ ಸಂದಿನಲ್ಲಿ
ಕೂತು, ನೀರು ಕುಡಿದು, ತುಕ್ಕಿನೊಡನೆ ಬೆಸೆದಿತ್ತು.
ಅದಿರಿನಿಂದ ಬಂದದ್ದು ಅದಿರಿನ ಕಡೆಗೇ ಹೊರಟಿತ್ತು.
ಇದು ಈಗ ಹೊಳೆದ ಮಾತು;
ಆಗ ಬಾಯಲ್ಲಿದ್ದದ್ದು ಬರೀ ಬೈಗುಳ.

ಹಿಡಿದಿದ್ದ ಸ್ಕ್ರೂ ಎರಡು. ಒಂದು ತಿರುಗಿತು.
ಇನ್ನೊಂದರ ನೆತ್ತಿಯ ಗೆರೆ ಸವೆದು
ಹಳೇ ಗಾಯದಂತೆ ನುಣ್ಣಗಾಗಿತ್ತು.
ಜೀನ್ಸಿನ ಚಿಂದಿಯಿಂದ ಒರೆಸಿದೆ
(ಈ ಊರಲ್ಲಿ ಗ್ಯಾರೇಜಿನ ಅರಿವೆಗೂ ನೀಲಿ ಬಣ್ಣ),
ಟಾರ್ಚು ಹಿಡಿದೆ, ಬಾನೆಟ್ಟಿನ ಗೀರು ನೋಡಿದೆ,
ಮತ್ತೆ ಕೆಳಗೆ ಕೂತೆ.

ಅದನ್ನು ಸವೆಸಿದವನು ನಾನು.

ಹದಿನಾರು ವಯಸ್ಸು. ಇದೇ ಬೂದು ಆಕ್ಸೆಂಟ್,
ಆಗಿನ್ನೂ ಡಾಕ್ಟರಮ್ಮನದು, ಸೀಟಿಗೆ ಅತ್ತರಿನ ವಾಸನೆ.
ಅಳತೆ ತಪ್ಪಿದ ಸ್ಕ್ರೂಡ್ರೈವರ್, ಮೇಲೆ ಅವಸರ:
ಮ್ಯಾಟಿನಿಗೆ ಟಿಕೇಟು ತೆಗೆದ ಖಾಜಾ
ಗೇಟಿನಲ್ಲಿ ಸೀಟಿ ಹೊಡೆಯುತ್ತಿದ್ದ.
ಹಬ್ಬಿನ ಮುಖ ಉಜ್ಜಲಿಲ್ಲ, ಗ್ರೀಸು ಸವರಲಿಲ್ಲ,
ಡಿಸ್ಕು ಕೂರಿಸಿ ಗಾಲಿ ಮುಚ್ಚಿಬಿಟ್ಟೆ.
"ಹಚ್ಚಿದೇನಲೇ ಹೊನ್ನೂರಾ?" ಎಂದಿದ್ದರು ಮೇಸ್ತ್ರಿ.
"ಹಚ್ಚೀನ್ರೀ."
ಸಿನಿಮಾದಲ್ಲಿ ಏನಿತ್ತೋ ಇವತ್ತು ನೆನಪಿಲ್ಲ.

ಡ್ರಿಲ್ಲಿಟ್ಟು ಆ ನೆತ್ತಿ ಕೊರೆದೆ.
ಸೀಮೆಎಣ್ಣೆ ಬಿಟ್ಟೆ. ಒಗ್ಗರಣೆ ಮಿರ್ಚಿ ತಿಂದು ಬಂದೆ. ಡೀಸೆಲ್ ಬಿಟ್ಟೆ.
ಸುತ್ತಿಗೆ ಎತ್ತಿದೆ: ಒಂದು ಪೆಟ್ಟು, ಕಾಲು ಸುತ್ತು,
ಎದುರಿಗೊಂದು ಪೆಟ್ಟು. ಒಂದೇ ಕಡೆ ಹೊಡೆದರೆ
ವಾರೆಯಾಗಿ ಇನ್ನಷ್ಟು ಕಚ್ಚುತ್ತದೆ.
ಡಿಸ್ಕು ಹೇಗೂ ಗುಜರಿಗೆ. ಆದರೆ ಒಳಗೆ ಬೇರಿಂಗಿದೆ,
ಪ್ರತಿ ಪೆಟ್ಟೂ ಅದರ ಲೆಕ್ಕಕ್ಕೆ ಬೀಳುತ್ತದೆ.

ಕೊನೆಗೆ ನೆನಪಾದದ್ದು ಡಿಸ್ಕಿನಲ್ಲೇ ಇರುವ
ಮರೆ ಕಟ್ಟಿದ ಎರಡು ಖಾಲಿ ತೂತು.
ಎರಕ ಹೊಯ್ದವರಿಗೆ ಅವತ್ತೇ ಗೊತ್ತಿತ್ತು
ಒಂದು ದಿನ ಇದು ಕಚ್ಚಿಕೊಳ್ಳುತ್ತದೆಂದು;
ದೂರದ ಯಾವನೋ ನನ್ನಂಥವನೊಬ್ಬನನ್ನು
ನೆನೆದೇ ಕೊರೆದಿಟ್ಟಿದ್ದರು.
ಎಂಟರ ಬೋಲ್ಟ್ ಎರಡು, ಅರ್ಧರ್ಧ ಸುತ್ತು,
ಎಡಕ್ಕೊಮ್ಮೆ, ಬಲಕ್ಕೊಮ್ಮೆ.

ಮೇಸ್ತ್ರಿ ಆಗ ಬಂದರು.
ಕಿವಿಯನ್ನು ನಲವತ್ತು ವರ್ಷದ ಸುತ್ತಿಗೆ ತಿಂದುಹಾಕಿದೆ.
ಹಳೇ ಟೈರಿನ ಮೇಲೆ ಕೂತು
ಮಡ್‌ಗಾರ್ಡಿಗೆ ಅಂಗೈ ಒತ್ತಿ
ಜ್ವರ ನೋಡುವವರಂತೆ ಕಣ್ಣು ಮುಚ್ಚಿದರು.
"ಬಿಡ್ತೈತೆ. ಇನ್ನೊಂದು."
ಹೊಡೆದೆ.
ಒಳಗೆಲ್ಲೋ ಒಣಕಡ್ಡಿ ಮುರಿದ ಸದ್ದು.
ಅದು ನನಗೆ ಕೇಳುವ ಮೊದಲೇ
ಅವರ ಅಂಗೈ ಮೇಲೆದ್ದಿತ್ತು.

ಡಿಸ್ಕು ಮಡಿಲಿಗೆ ಬಿತ್ತು, ಬಿಸಿಯಾಗಿ, ಭಾರವಾಗಿ.
ಹಬ್ಬಿನ ಮುಖದ ಮೇಲೆ ಕುಂಕುಮದಂಥ ಪುಡಿ.
ಊದಿದೆ. ಸಂಡೂರು ನನ್ನ ಕಣ್ಣಿಗೇ ಬಂತು.

ಕಣ್ಣುಜ್ಜಿಕೊಂಡು ನೋಡಿದರೆ
ಗ್ರೀಸಿನ ಡಬ್ಬಿ ಕಾಲಬಳಿ ಬಂದು ನಿಂತಿದೆ,
ಮೇಸ್ತ್ರಿ ಹೆಬ್ಬೆರಳಿಂದ ನೂಕಿದ್ದು.
"ಈಗಾರ ಹಚ್ಚಲೇ!" ಎಂದರು
ಕಿವುಡರ ದೊಡ್ಡ ದನಿಯಲ್ಲಿ,
ಎದುರಿನ ಚಹಾದಂಗಡಿಯ ಮಂದಿಯೆಲ್ಲ ತಿರುಗುವಂತೆ.

ಹಚ್ಚಿದೆ. ತೆಳ್ಳಗೆ, ಅಂಚಿನವರೆಗೂ.
ಬಲಗಡೆಯದು ಇನ್ನೂ ಬಾಕಿ.
ಅದನ್ನೂ ಅವತ್ತು ನಾನೇ ಕೂರಿಸಿದ್ದು.