ಕಾಲಾಣೆ ಜಮೀನು

ಫಾರ್ಮಿನ ಏಳನೆಯ ಖಾನೆಯಲ್ಲಿ ಬರೆಯಬೇಕು:
'ಯೋಜನೆ ಹಿಡಿಯುವ ಜಾಗ: ಎಕರೆ, ಗುಂಟೆ, ಆಣೆ.'
ಇಪ್ಪತ್ತೆರಡು ವರ್ಷ ಅಳೆದಿದ್ದೇನೆ ಶಹಾಪುರ ಸೀಮೆಯನ್ನು.
ಅಣ್ಣತಮ್ಮರ ನಡುವಿನ ಒಡ್ಡು, ಕಬರಸ್ತಾನದ ಮೂಲೆ,
ಕಾಲುವೆ ನುಂಗಿದ್ದು, ಕಾಲುವೆ ಉಗುಳಿದ್ದು.
ಬಿಸಿಲನ್ನು ಅಳೆ ಎಂದು ಈವರೆಗೆ ಯಾರೂ ಹೇಳಿರಲಿಲ್ಲ.

ಗಾಳಿಪಂಖಾದ ಲೆಕ್ಕ ಸುಲಭ ಅಂದುಕೊಂಡೆ.
ಒಂಟಿ ಕಾಲು. ಕಾಂಕ್ರೀಟಿನ ಗುಂಡು ಪಾದ.
ಬುಡದವರೆಗೂ ಬಂದು ನಿಂತಿದೆ ತೊಗರಿ, ಹೂವಿನಲ್ಲಿ.
ಆದರೆ ಸಂಜೆ ಐದಕ್ಕೆ ಅದರ ರೆಕ್ಕೆಯ ನೆರಳು
ಸಾಬಮ್ಮನ ಹೊಲ ದಾಟಿ, ಹಳ್ಳ ದಾಟಿ,
ಶಾಲೆಯ ಗೋಡೆಯ ಮೇಲೆ ಹೋಗಿ ಬರುತ್ತದೆ, ಹೋಗಿ ಬರುತ್ತದೆ.
ಹುಡುಗರು ಅದಕ್ಕೆ ತಕ್ಕಂತೆ ಮಗ್ಗಿ ಹೇಳುತ್ತಾರೆ.
ಈ ನೆರಳನ್ನು ಯಾವ ಸರ್ವೆ ನಂಬರಿಗೆ ಸೇರಿಸಲಿ?

ಬಿಸಿಲಿನ ಫಲಕಗಳು ಹಾಗಲ್ಲ.
ಅವು ಕೂತರೆ ಕೂತವೇ. ಸಾಲು ಸಾಲು,
ತೆಂಕಣಕ್ಕೆ ಮುಖ ಮಾಡಿ,
ಪಂಕ್ತಿಯಲ್ಲಿ ಬಡಿಸುವವನನ್ನು ಕಾಯುವ ಹಾಗೆ.
ಅವುಗಳ ಕೆಳಗೆ ಎರೆಮಣ್ಣು
ಬಿರುಕು ಬಿಡುವುದನ್ನೂ ಮರೆಯುತ್ತದೆ.

ಬಹಳಷ್ಟು ಖರಾಬೇ ಅಲ್ಲವೆ, ಎಂದರು ಕಂಪನಿಯ ಇಂಜಿನಿಯರು
ನಕಾಶೆಯ ಮೇಲೆ ಬೆರಳಾಡಿಸುತ್ತ.
ಹೌದು, ಪಹಣಿಯಲ್ಲಿ ಹಾಗೇ ಇದೆ.
ನನಗಿಂತ ಮೂರು ತಲೆ ಹಿಂದಿನ ಯಾರೋ ಮಾಪಕ
ಮಟಮಟ ಮಧ್ಯಾಹ್ನ, ಕುದುರೆಯಿಂದ ಇಳಿಯದೆ ಬರೆಸಿದ ಮಾತು.
ಆ ಖರಾಬಿನಲ್ಲೇ ಚಾಂದಬಿ ಹುಲ್ಲು ಕೊಯ್ದು
ಕಸಬರಿಗೆ ಕಟ್ಟಿ ಸಂತೆಗೆ ತರುತ್ತಿದ್ದಳು.
ತಹಶೀಲ ಕಚೇರಿಯ ಕಸ ಗುಡಿಸಿದ್ದೂ ಅದೇ.

ಬೀರಲಿಂಗ ಕುರಿ ನಿಲ್ಲಿಸಿ, ಕೋಲಿಗೆ ಗದ್ದ ಊರಿ ಕೇಳಿದ:
"ಸರ್ವೇದ ಸಾಹೇಬ್ರ, ಬೇಲಿ ಎಷ್ಟು ಜಾಗಾ ಹಿಡಿತದ್ರಿ?"
ತಂತಿ ಬೇಲಿ. ಕಿರುಬೆರಳಿನ ದಪ್ಪವೂ ಇಲ್ಲ.
ನಕಾಶೆಯಲ್ಲಿ ಅದು ಬರೀ ಗೆರೆ.
ಗೆರೆಗೆ ಉದ್ದವಿದೆ, ಅಗಲವಿಲ್ಲ
ಎಂದು ಕಲಿತೇ ನೌಕರಿಗೆ ಬಂದವನು ನಾನು.
ಸೊನ್ನೆ, ಎಂದೆ.
"ಮತ್ತ ಆ ಸೊನ್ನಿ ಸುತ್ತಿ ಬರ್ಲಿಕ್ಕ
ನನಗ ಅರ್ಧ ಹರದಾರಿ ಆಗ್ತದಲ್ರಿ."
ಕುರಿಗಳು ತಂತಿಗೆ ಮೂತಿ ಹಚ್ಚಿ ನಿಂತಿದ್ದವು,
ಒಳಗಿನ ನೆರಳು ನೋಡುತ್ತ.
ಅಷ್ಟು ನೆರಳನ್ನು ಈ ಸೀಮೆಯಲ್ಲಿ ಅವು ಕಂಡೇ ಇರಲಿಲ್ಲ.

ಅಂದು ರಾತ್ರಿ ಕರೆಂಟು ಹೋಗಲಿಲ್ಲ.
ಫ್ಯಾನಿನ ಕೆಳಗೆ, ಹಳೇ ಟಿಪ್ಪಣಿಯ ಬೆನ್ನ ಮೇಲೆ
ಯಾರೂ ಕೇಳದ ಒಂದು ಲೆಕ್ಕ ಹಾಕಿದೆ:
ದೇಶದ ತುಂಬ ಹೀಗೆ ಹಾಸಿದ್ದನ್ನೆಲ್ಲ ಕೂಡಿಸಿ
ತಲೆಗಿಷ್ಟು ಎಂದು ಹಂಚಿದರೆ?
ಪೇಪರಿನಲ್ಲಿ ಕಂಡ ಅಂಕಿ; ಸೊನ್ನೆಗಳು ಬಹಳ; ತಪ್ಪಿರಬಹುದು.
ಬಂದದ್ದು ಕಾಲಾಣೆ.
ಮೂರಡಿ ಅಗಲ, ಐದೂವರೆ ಅಡಿ ಉದ್ದ.
ಅಜ್ಜನ ಕಾಲದಲ್ಲಿ ಕಾಲಾಣೆಗೆ
ಬೊಗಸೆ ಪುಟಾಣಿ ಬರುತ್ತಿತ್ತಂತೆ.

ಟೇಪು ಹಿಡಿದು ಮಾಳಿಗೆ ಹತ್ತಿ
ಸೀಮೆಸುಣ್ಣದಲ್ಲಿ ಗೀಚಿದೆ ನಮ್ಮ ಪಾಲನ್ನು.
ಮಗಳು ನೀಲಾ ತನ್ನ ಕೌದಿ ತಂದು ಹಾಸಿದಳು. ಸರಿಯಾಗಿ ಕೂತಿತು.
ಮಲಗಿ ನೋಡಿ, "ನನಗ ಸಾಕು" ಅಂದಳು.
ನಾನು ಮಲಗಿದೆ. ಹಿಮ್ಮಡಿ ಗೆರೆಯಾಚೆ.
ಮುಂದೆ ಇದರ ಎಷ್ಟೋ ಪಟ್ಟು ಬೇಕಾದೀತು
ಎಂದಿದ್ದರು ಇಂಜಿನಿಯರು, ಹೆಮ್ಮೆಯಿಂದಲೇ.
"ಹಾಸಿಗಿ ಇದ್ದಷ್ಟು ಕಾಲು ಚಾಚ್ರಿ," ಎಂದಳು ಹೆಂಡತಿ,
ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತ.
ಹಾಸಿಗೆ ಹಾಸಿದ್ದು ಯಾರ ಹೊಲದಲ್ಲಿ
ಎಂಬುದು ಗಾದೆಯಲ್ಲಿಲ್ಲ.

ಆಚೆ ಗುಡ್ಡ.
ಬುದ್ಧ ಮಲಗಿದ ಹಾಗೇ ಕಾಣುವುದು, ಅಂಗಾತ, ಕತ್ತಲಲ್ಲಿ.
ಎಷ್ಟು ಎಕರೆ ಹಿಡಿದು ಮಲಗಿದ್ದಾನೋ.
ಪಹಣಿಯಲ್ಲಿ ಅವನೂ ಖರಾಬೇ.

ಬೆಳಿಗ್ಗೆ ಏಳನೆಯ ಖಾನೆ ತುಂಬಿದೆ, ಆಣೆ ತಪ್ಪದೆ.
ಆಮೇಲೆ ಷರಾದಲ್ಲಿ, ಸಣ್ಣಗೆ:
'ಕುರಿ ಹೋಗಿಬರುವ ದಾರಿ ಇದೆ. ಅಗಲ ಒಂದು ಸರಪಳಿ.'
ಪೆನ್ಸಿಲಿನಲ್ಲಿ.
ಮೇಲಿನವರ ಮೇಜಿನ ಮೇಲೆ ರಬ್ಬರು ಇರುತ್ತದೆ, ಗೊತ್ತು.
ಒತ್ತಿ ಬರೆದಿದ್ದೇನೆ.