ಸ್ಥಳ: ಬರೆದಿಲ್ಲ

ಹಾಳೆಯ ಬಲ ಮೂಲೆಯಲ್ಲೊಂದು ಚೀಟಿ.
ಕುಲ: ಎರಿಯೊಕಾಲಾನ್. ಪ್ರಭೇದ: ಪ್ರಶ್ನಾರ್ಥಕ ಚಿಹ್ನೆ.
ಸಂಗ್ರಹಿಸಿದವರು: ನಾನು.
ಸ್ಥಳ: ಕಾಸರಗೋಡು ಜಿಲ್ಲೆ.

ಬೇಕೆಂದೇ ಅಷ್ಟು ಬರೆದು ಬಿಟ್ಟೆ.
ಒಂದು ಇಡೀ ಜಿಲ್ಲೆ, ಎಷ್ಟು ದೊಡ್ಡ ಬೀಗ ನೋಡಿ.

ಅದು ಆಗಸ್ಟು. ಪದವಿನ ಮುರಕಲ್ಲ ಮೇಲೆ
ಅಂಗೈಯಗಲದ ನೀರು ನಿಂತ ಗುಳಿ,
ಗುಳಿಯಂಚಿಗೆ ಉಗುರಿಗಿಂತ ಚಿಕ್ಕ ಬಿಳಿ ತಲೆಗಳು,
ಯಾರೋ ಅಂಗಿಯ ಗುಂಡಿ ಕಿತ್ತು ಚೆಲ್ಲಿದ ಹಾಗೆ.
ಮಂಡಿಯೂರಿ ಲೆನ್ಸಿಗೆ ಕಣ್ಣಿಟ್ಟರೆ
ದಳದ ತುದಿಯಲ್ಲಿ, ಯಾವ ಪುಸ್ತಕದಲ್ಲೂ ಇಲ್ಲದ
ಎರಡು ಕೂದಲು.
ಕಲ್ಲು ಕಡಿಯುತ್ತಿದ್ದ ಐತಪ್ಪಣ್ಣ ಯಂತ್ರ ನಿಲ್ಲಿಸಿ ಬಂದು
‘ಇದಾ, ಬೊಟ್ಟುಪಜಿರ್ ಅಲ್ವಾ ಟೀಚರೇ’ ಅಂದ.
ಕೇಳದವಳ ಹಾಗೆ ಇದ್ದೆ.
ಅವನು ಸುಮ್ಮನೆ ಕೊಟ್ಟ ಹೆಸರು
ಚೀಟಿಗೆ ಇಳಿಯಲಿಲ್ಲ.

ಆಮೇಲೆ ಹನ್ನೊಂದು ವರ್ಷ.
ಕಾಲೇಜಿನ ಮರದ ಬೀರು, ನುಸಿಗುಳಿಗೆಯ ವಾಸನೆ,
ದಿನಪತ್ರಿಕೆಯ ಶ್ರದ್ಧಾಂಜಲಿ ಪುಟದ ಮೇಲೆ
ಗಿಡ ಬಿಟ್ಟ ಕಂದು ಕಲೆ.
ಹೂವಿತ್ತು, ಬೀಜವಿರಲಿಲ್ಲ.
ಬೀಜದ ಮೈ ನೋಡದೆ ಹೆಸರಿಡುವಂತಿಲ್ಲ.
ಮುಂದಿನ ಮಳೆಗೆ ಅಂದುಕೊಂಡೆ; ಮುಂದಿನ ಮಳೆಗೆ ಪರೀಕ್ಷೆಯ ಡ್ಯೂಟಿ.
ಅದರ ಮುಂದಿನದಕ್ಕೆ ಹೋದರೆ ಪದವೇ ಇಲ್ಲ.
ಚೌಕ ಚೌಕ ಕಡಿದ ಕೆಂಪು ಹೊಂಡ,
ತಳದಲ್ಲಿ ಹಸಿರು ನೀರು, ತೇಲುವ ಒಂಟಿ ಚಪ್ಪಲಿ.
ಯಾರನ್ನಾದರೂ ಕೇಳಬಹುದಿತ್ತು.
ಕೇಳಿದರೆ ಹೇಳಬೇಕಾಗುತ್ತಿತ್ತು.

ಕಳೆದ ಮಾರ್ಚಿನಲ್ಲಿ ಕೊಲ್ಹಾಪುರದಿಂದ ಲಕೋಟೆ.
ಮೃಣಾಲ್ ಗುರವ ಎಂಬ, ನಾನು ಕಂಡಿರದ ಹುಡುಗಿ
ತೀರಿಹೋದ ತನ್ನ ಮೇಷ್ಟ್ರ ಹಾಳೆಗಳನ್ನೆಲ್ಲ
ಚಿತ್ರ ತೆಗೆದು, ಅಳತೆ ಬರೆದು,
ಕೇಳಿದವರಿಗೂ ಕೇಳದವರಿಗೂ ಹಂಚುತ್ತಿದ್ದಾಳೆ.
‘ಇದು ನಿಮ್ಮ ಕಡೆಯದು. ಬೀಜ ಇದೆ, ಹೂ ಉದುರಿದೆ.
ನಿಮ್ಮಲ್ಲಿ ಏನಾದರೂ?’
ಜೊತೆಗೆ ಮೇಷ್ಟ್ರ ಚೀಟಿಯ ನಕಲು:
ಪೈವಳಿಕೆ ದಾಟಿ ಎರಡು ಮೈಲಿ, ಬಲಕ್ಕೆ ಪಳ್ಳ.
ಪಳ್ಳದ ಬಡಗಣ ದಂಡೆ,
ಒಡೆದ ಗಡಿಕಲ್ಲಿನಿಂದ ಹದಿನೇಳು ಹೆಜ್ಜೆ.
ಅಡಿಯಲ್ಲಿ ಸುರಂಗವಿದೆಯಂತೆ, ಇಲ್ಲಿ ಕಲ್ಲು ಕಡಿಯುವುದಿಲ್ಲ.
ಊರ ಹೆಸರು: ಬೊಟ್ಟುಪಜಿರ್.
ಹೇಳಿದವರು: ದನ ಮೇಯಿಸುವ ಹೆಂಗಸು, ಹೆಸರು ಲಚ್ಚಿಲು.

ಹದಿನೇಳು ಹೆಜ್ಜೆ!
ಎಣಿಸಿದ್ದಾನೆ ಆ ಮನುಷ್ಯ. ಎಂಬತ್ತಮೂರರಲ್ಲಿ,
ಭಾಷೆ ತಿಳಿಯದ ಊರಿನಲ್ಲಿ, ಕೊಡೆ ಹಿಡಿದು,
ಮುಂದೆ ಯಾರಾದರೂ ಬಂದಾರು ಅಂತ.

ಮೂರು ದಿನ ಉತ್ತರ ಬರೆಯಲಿಲ್ಲ ನಾನು.
ಇದೂ ದಾಖಲಾಗಲಿ.
ನಾಲ್ಕನೆಯ ದಿನ ಬೀರು ತೆಗೆದೆ.

ಮಳೆ ಹಿಡಿದ ಮೇಲೆ ಪಯ್ಯನ್ನೂರಿನ ರಂಸೀನಾ ಬಂದಳು,
ಸೂಕ್ಷ್ಮದರ್ಶಕವನ್ನು ಕೂಸಿನಂತೆ
ಮಡಿಲಲ್ಲಿ ಇಟ್ಟುಕೊಂಡು, ಬಸ್ಸಿನಲ್ಲಿ.
ಅವಳು ಮಲಯಾಳದಲ್ಲಿ, ಐತಪ್ಪಣ್ಣನ ಮಗ ತುಳುವಿನಲ್ಲಿ,
ನಾನು ಕನ್ನಡದಲ್ಲಿ ಹೆಜ್ಜೆ ಎಣಿಸಿದೆವು.
ಹದಿನೇಳರಲ್ಲಿ ಬರೀ ಪಾಚಿ.
ಮೇಷ್ಟ್ರು ಉದ್ದ ಕಾಲಿನವರಿರಬೇಕು,
ಇಪ್ಪತ್ತೆರಡರಲ್ಲಿ ಸಿಕ್ಕಿತು.

ಈಗ ಮೇಜಿನ ಮೇಲೆ ಮೂರು ಹಾಳೆ.
ನನ್ನ ಹೂವು, ಕೊಲ್ಹಾಪುರದ ಬೀಜ,
ರಂಸೀನಾಳ ಹಸಿ ಗಿಡ, ಇನ್ನೂ ಒಣಗುತ್ತಿರುವುದು,
ಮಲಯಾಳ ಪತ್ರಿಕೆಯ ಲಾಟರಿ ಫಲಿತಾಂಶದ ನಡುವೆ.
ಪ್ರಬಂಧದಲ್ಲಿ ನನ್ನ ಹೆಸರು ಮೂರನೆಯದು.
ಒಂದು ಕ್ಷಣ ಚುಚ್ಚಿತು, ಸುಳ್ಳು ಯಾಕೆ.

‘ಜಾಗ ಪೂರ್ತಿ ಕೊಡೋಣವೇ?’ ಎಂದಳು ರಂಸೀನಾ.
‘ಕಲ್ಲಿನ ಗುತ್ತಿಗೆಯವರೂ ಓದುತ್ತಾರೆ.’
ಓದಲಿ ಅಂದೆ. ಯಾರಿಗೂ ಗೊತ್ತಿಲ್ಲದ ಜಾಗವನ್ನು
ಅವರು ಆಗಲೇ ಒಮ್ಮೆ ಕಡಿದು ಮುಗಿಸಿದ್ದಾರೆ,
ತಡೆಯಲು ಒಂದು ಕಾಗದವೂ ಇರಲಿಲ್ಲ.

ಹಳೆಯ ಚೀಟಿಯಲ್ಲಿ ತೆರಪಿರಲಿಲ್ಲ.
ಹಾಳೆಯ ಅಂಚಿಗೆ ಪೆನ್ಸಿಲಿನಲ್ಲಿ ಸೇರಿಸಿದೆ:
ಊರ ಹೆಸರು, ಬೊಟ್ಟುಪಜಿರ್.
ಹೇಳಿದವರು, ಐತಪ್ಪ, ಕಲ್ಲು ಕಡಿಯುವವರು.
ಕೇಳಿಸಿಕೊಂಡ ತಾರೀಕು ಎಂಬಲ್ಲಿ
ಇವತ್ತಿನದನ್ನೇ ಹಾಕಿದೆ.